ಕೆಮ್ಮು ಬಾಗಿಲಿಗೆ ಬಂದಿತ್ತು

ತುಮಕೂರು ಜಿಲ್ಲೆಯ ಹಳ್ಳಿಗಳಿಂದಲೇ ಮಾತು ಶುರು ಮಾಡುತ್ತೇನೆ. ಅರವತ್ತು ವರ್ಷಕ್ಕೂ ಹಿಂದಿನ ಸಂಗತಿ. ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ 1959ರಲ್ಲಿ ಶುರುವಾಯಿತು. ಬಳ್ಳಾರಿ ರಸ್ತೆಯಲ್ಲಿ ಈಗಲೂ ಇದೆ, ಆ ಕಡೆ ಬಸ್ಸಿನಲ್ಲಿ ಹೋಗುವಾಗ ನೀವು ಬೋರ್ಡು ನೋಡಿರಬಹುದು. ಆ ಸಂಸ್ಥೆಯವರು ಮೊದಮೊದಲು ಮಾಡಿದ ಕೆಲಸಗಳಲ್ಲಿ ಒಂದು ತುಮಕೂರು ಜಿಲ್ಲೆಯ ಸಮೀಕ್ಷೆ. ಹಳ್ಳಿಗಳಿಗೆ ಹೋಗಿ ಜನರ ಎಕ್ಸ್‌ರೇ ತೆಗೆದರು, ಕಫ ಪರೀಕ್ಷೆ ಮಾಡಿದರು. ಯಾರ್ಯಾರಿಗೆ ಕ್ಷಯ ಇದೆ ಅನ್ನುವ ಪಟ್ಟಿ ಸಿಕ್ಕಿತು.

ಸಾಮಾನ್ಯವಾಗಿ ಸಮೀಕ್ಷೆ ಇಲ್ಲಿಗೆ ಮುಗಿದುಹೋಗುತ್ತದೆ. ಆದರೆ ಆ ಸಂಸ್ಥೆಯಲ್ಲಿ ಡಿ. ಬ್ಯಾನರ್ಜಿ ಅಂತ ಒಬ್ಬ ವೈದ್ಯರಿದ್ದರು. ಅವರು ಸ್ಟಿಗ್ ಆಂಡರ್ಸನ್ ಅನ್ನುವವರ ಜೊತೆ ಸೇರಿ ಇನ್ನೊಂದು ಹೆಜ್ಜೆ ಮುಂದೆ ಹೋದರು. ರೋಗ ಇದ್ದವರನ್ನು ಕೂರಿಸಿಕೊಂಡು ಕೇಳಿದರು: ನಿಮ್ಮ ಮೈಗೆ ಏನೋ ಆಗಿದೆ ಅಂತ ನಿಮಗೆ ಅನಿಸಿದೆಯಾ? ಅದಕ್ಕೆ ಏನು ಮಾಡಿದಿರಿ? ಎಲ್ಲಿಗೆ ಹೋದಿರಿ?

ಆಗ ಓದಿದವರ ನಡುವೆ ಇದ್ದ ನಂಬಿಕೆ ಏನು ಅಂತ ನಿಮಗೇ ಗೊತ್ತು, ಈಗಲೂ ಅದೇ ಇದೆ. ಹಳ್ಳಿಯವರಿಗೆ ತಿಳುವಳಿಕೆ ಇಲ್ಲ, ಕಾಯಿಲೆ ಬಂದರೆ ಗೊತ್ತಾಗುವುದಿಲ್ಲ, ಗೊತ್ತಾದರೂ ದೇವರಿಗೆ ಹರಕೆ ಹೊತ್ತು ಸುಮ್ನೆ ಕೂರುತ್ತಾರೆ. ತುಮಕೂರಿನಲ್ಲಿ ಸಿಕ್ಕ ಉತ್ತರ ಬೇರೆಯೇ ಆಗಿತ್ತು. ಹೆಚ್ಚುಕಡಿಮೆ ಎಲ್ಲರಿಗೂ ಮೈ ಸರಿ ಇಲ್ಲ ಅನ್ನುವುದು ಗೊತ್ತಿತ್ತು. ಬಹಳ ಮಂದಿಗೆ ಅದರ ಚಿಂತೆ ಹತ್ತಿತ್ತು. ಅರ್ಧದಷ್ಟು ಜನ ಆಗಲೇ ಆಸ್ಪತ್ರೆಗೋ ಡಿಸ್ಪೆನ್ಸರಿಗೋ ಹೋಗಿ ಬಂದಿದ್ದರು. ಅಲ್ಲಿ ಅವರಿಗೆ ಏನು ಸಿಕ್ಕಿತು? ಒಂದು ಬಾಟ್ಲಿ ಕೆಮ್ಮಿನ ಔಷಧ. ಕಫ ಯಾರೂ ನೋಡಲಿಲ್ಲ. ಬಾಟ್ಲಿ ಹಿಡಿದುಕೊಂಡು ಮನೆಗೆ ಬಂದರು, ಕೆಮ್ಮುತ್ತಲೇ ಇದ್ದರು.

1963ರಲ್ಲಿ ಈ ಅಧ್ಯಯನ ಪ್ರಕಟವಾಯಿತು. ನಾನು ಅದನ್ನು ಓದಿದ್ದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವೈದ್ಯನಾಗಿ ಕೆಲಸಕ್ಕೆ ಸೇರಿ ಹತ್ತು ವರ್ಷ ಆದಮೇಲೆ. ಓದಿದ ರಾತ್ರಿ ನಿದ್ದೆ ಬರಲಿಲ್ಲ. ಯಾಕೆ ಅನ್ನುವುದನ್ನು ಆಮೇಲೆ ಹೇಳುತ್ತೇನೆ.

ಈ ಸಭೆಯಲ್ಲಿ ಯಾರು ಯಾರು ಕೂತಿದ್ದೀರಿ ಅಂತ ನೋಡುತ್ತಿದ್ದೇನೆ. ಮುಂದಿನ ಸಾಲಿನಲ್ಲಿ ಆಶಾ ಅಕ್ಕಂದಿರು. ಆ ಕಡೆ ಕ್ಲಿನಿಕ್ ನಡೆಸುವ ನನ್ನ ವೈದ್ಯ ಮಿತ್ರರು. ಹಿಂದೆ ಮೆಡಿಕಲ್ ಶಾಪಿನವರು, ಪಂಚಾಯಿತಿ ಸದಸ್ಯರು. ನೀವೆಲ್ಲ ಒಂದೇ ಊರಿನವರು, ಒಂದೇ ರೋಗಿಯನ್ನು ನೋಡುವವರು. ಆದರೂ ಒಂದೇ ಕೋಣೆಯಲ್ಲಿ ಹೀಗೆ ಒಟ್ಟಿಗೆ ಕೂತಿದ್ದು ಇದೇ ಮೊದಲು ಅಂತ ಸಂಘಟಕರು ಹೇಳಿದರು. ಸರ್ಕಾರಿ ಆರೋಗ್ಯ ವ್ಯವಸ್ಥೆ ಸುಧಾರಿಸಬೇಕು ಅಂದರೆ ನಮಗೆ ತಕ್ಷಣ ಹೊಸ ಕಟ್ಟಡ, ಹೊಸ ಯಂತ್ರ ನೆನಪಿಗೆ ಬರುತ್ತೆ. ಅವೂ ಬೇಕು. ಆದರೆ ಇವತ್ತು ನಾನು ಮಾತಾಡುವುದು ನಿಮ್ಮ ಕುರ್ಚಿಗಳ ನಡುವಿನ ದೂರದ ಬಗ್ಗೆ. ಅದಕ್ಕೆ ಕ್ಷಯಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಹಳಬರಿಗೆ ನೆನಪಿರುತ್ತೆ, ಕ್ಷಯ ಅಂದರೆ ಸ್ಯಾನಟೋರಿಯಂ. ಊರಾಚೆ, ಗಾಳಿ ಬೆಳಕು ಇರುವ ಜಾಗ, ತಿಂಗಳುಗಟ್ಟಲೆ ಮಲಗಿರಬೇಕು, ಹಾಲು ಮೊಟ್ಟೆ ಕೊಡುತ್ತಾರೆ. ಮೈಸೂರಿನ ಪಿಕೆಟಿಬಿ ಆಸ್ಪತ್ರೆ ಗೊತ್ತಲ್ವಾ? ಪಿಕೆ ಅಂದರೆ ಪ್ರಿನ್ಸೆಸ್ ಕೃಷ್ಣಾಜಮ್ಮಣ್ಣಿ. ಕ್ಷಯದಿಂದ ತೀರಿಕೊಂಡ ರಾಜಕುಮಾರಿಯ ಹೆಸರು ಅದು. ಅರಮನೆಯವರನ್ನೂ ಬಿಡದ ರೋಗ. ಆದರೆ ದೇಶದಲ್ಲಿ ಲಕ್ಷಾಂತರ ರೋಗಿಗಳಿದ್ದರು, ಹಾಸಿಗೆ ಇದ್ದದ್ದು ಕೆಲವು ಸಾವಿರ. ಹಾಸಿಗೆ ಸಿಗದವರ ಗತಿ ಏನು?

ಈ ಪ್ರಶ್ನೆಗೆ ಉತ್ತರ ಮದ್ರಾಸಿನಲ್ಲಿ ಸಿಕ್ಕಿತು. 1956ರಲ್ಲಿ ಅಲ್ಲೊಂದು ಚಿಕಿತ್ಸಾ ಸಂಶೋಧನಾ ಕೇಂದ್ರ ಶುರುವಾಯಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಮದ್ರಾಸ್ ಸರ್ಕಾರ, ವಿಶ್ವ ಆರೋಗ್ಯ ಸಂಸ್ಥೆ, ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿ ಸೇರಿ ಕಟ್ಟಿದ ಕೇಂದ್ರ. ಅದರ ಮುಂದಾಳು ವ್ಯಾಲೇಸ್ ಫಾಕ್ಸ್ ಅನ್ನುವ ವೈದ್ಯರು. ನಗರದ ಬಡ ಕುಟುಂಬಗಳ 193 ರೋಗಿಗಳನ್ನು ಚೀಟಿ ಎತ್ತಿದ ಹಾಗೆ ಎರಡು ಪಾಲು ಮಾಡಿದರು. ಒಂದು ಪಾಲಿನವರು ಸ್ಯಾನಟೋರಿಯಂನಲ್ಲಿ, ಇನ್ನೊಂದು ಪಾಲಿನವರು ತಮ್ಮ ಮನೆಯಲ್ಲಿ. ಎರಡೂ ಕಡೆ ಅದೇ ಗುಳಿಗೆ, ಒಂದು ವರ್ಷ.

ಸ್ಯಾನಟೋರಿಯಂನವರಿಗೆ ಒಳ್ಳೆಯ ಊಟ, ವಿಶ್ರಾಂತಿ. ಮನೆಯವರು ಇಕ್ಕಟ್ಟಿನ ಕೋಣೆಯಲ್ಲಿ ಇದ್ದವರು, ಮೈ ಬಗ್ಗಿಸಿ ದುಡಿಯುತ್ತಿದ್ದವರು, ಸಿಕ್ಕಿದ್ದನ್ನು ಉಣ್ಣುತ್ತಿದ್ದವರು. ವರ್ಷದ ಕೊನೆಗೆ ನೋಡಿದರೆ ಎರಡೂ ಕಡೆ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಜನ ಗುಣವಾಗಿದ್ದರು. ಮನೆಯಲ್ಲೇ ಇದ್ದ ರೋಗಿಗಳಿಂದ ಹೆಂಡತಿ ಮಕ್ಕಳಿಗೆ ರೋಗ ಜಾಸ್ತಿ ಹರಡಿತೇ ಅಂತಲೂ ನೋಡಿದರು. ಹಾಗೇನೂ ಆಗಿರಲಿಲ್ಲ. ಗುಳಿಗೆ ಶುರುವಾದ ಮೇಲೆ ಅಪಾಯ ಬೇಗ ಇಳಿಯುತ್ತೆ. ಜಾಸ್ತಿ ಅಪಾಯ ಇರುವುದು ಗುಳಿಗೆ ಶುರುವಾಗುವುದಕ್ಕೆ ಮೊದಲಿನ ವಾರಗಳಲ್ಲಿ, ರೋಗ ಅಂತ ಯಾರಿಗೂ ಗೊತ್ತಿಲ್ಲದ ದಿನಗಳಲ್ಲಿ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತೆ.

1959ರಲ್ಲಿ ಬಂದ ಈ ಫಲಿತಾಂಶದಿಂದ ಜಗತ್ತಿನಲ್ಲೇ ಕ್ಷಯದ ಚಿಕಿತ್ಸೆ ಬದಲಾಯಿತು. ಒಂದೊಂದಾಗಿ ಸ್ಯಾನಟೋರಿಯಂಗಳು ಮುಚ್ಚಿದವು. ಮನೆಯಲ್ಲೇ ಆರೈಕೆ ಅನ್ನುವುದು ಬಡವರಿಗೆ ಕೊಡುವ ಎರಡನೇ ದರ್ಜೆ ಚಿಕಿತ್ಸೆ ಅಂತ ಈಗಲೂ ಕೆಲವರು ಅಂದುಕೊಂಡಿದ್ದಾರೆ. ದಯವಿಟ್ಟು ಅವರಿಗೆ ಮದ್ರಾಸಿನ ಕತೆ ಹೇಳಿ.

ಮದ್ರಾಸಿನ ಪಾಠ, ತುಮಕೂರಿನ ಪಾಠ ಎರಡನ್ನೂ ಸೇರಿಸಿ 1962ರಲ್ಲಿ ರಾಷ್ಟ್ರೀಯ ಕ್ಷಯರೋಗ ಕಾರ್ಯಕ್ರಮ ಬಂತು. ಅದರ ಯೋಚನೆ ಬಹಳ ಸರಳವಾಗಿತ್ತು. ಕೆಮ್ಮುವವನು ತಾನಾಗಿಯೇ ಹತ್ತಿರದ ಆಸ್ಪತ್ರೆಗೆ ಬರುತ್ತಾನೆ. ಅವನಿಗಾಗಿ ಬೇರೆ ಆಸ್ಪತ್ರೆ ಕಟ್ಟಬೇಡಿ, ಅವನು ಬರುವ ಕಡೆಯೇ ಕಫ ಪರೀಕ್ಷೆ ಇಡಿ, ಗುಳಿಗೆ ಇಡಿ. ಆ ದಿನಗಳಲ್ಲಿ ಭಾರತದ ಕ್ಷಯ ಕಾರ್ಯಕ್ರಮದ ಜೊತೆ ಕೆಲಸ ಮಾಡಿದವರಲ್ಲಿ ಡೆನ್ಮಾರ್ಕಿನ ಹಾಫ್‌ಡಾನ್ ಮಾಲರ್ ಕೂಡ ಒಬ್ಬರು. ಮುಂದೆ ಅವರು ವಿಶ್ವ ಆರೋಗ್ಯ ಸಂಸ್ಥೆಯ ಮುಖ್ಯಸ್ಥರಾದರು. 1978ರಲ್ಲಿ ಆಗಿನ ಸೋವಿಯತ್ ಒಕ್ಕೂಟದ ಆಲ್ಮಾ ಆಟಾ ನಗರದಲ್ಲಿ ಪ್ರಾಥಮಿಕ ಆರೋಗ್ಯ ಸೇವೆಯೇ ಎಲ್ಲದಕ್ಕೂ ಬುನಾದಿ ಅಂತ ಜಗತ್ತಿನ ದೇಶಗಳು ಒಪ್ಪಿ ಘೋಷಿಸಿದಾಗ ಸಂಸ್ಥೆಯ ಚುಕ್ಕಾಣಿ ಅವರ ಕೈಯಲ್ಲೇ ಇತ್ತು. ಆ ಘೋಷಣೆಯನ್ನು ಓದುವಾಗೆಲ್ಲ ನನಗೆ ನಮ್ಮ ಹಳ್ಳಿಗಳ ಕೆಮ್ಮು ಅದರೊಳಗೆ ಕೇಳಿಸುತ್ತೆ.

ಆದರೆ ಯೋಚನೆ ಚೆನ್ನಾಗಿದ್ದರೆ ಸಾಲದು. ಆಸ್ಪತ್ರೆಗಳಲ್ಲಿ ಔಷಧ ಇರುತ್ತಿರಲಿಲ್ಲ, ಮೈಕ್ರೋಸ್ಕೋಪ್ ನೋಡುವವರು ಇರುತ್ತಿರಲಿಲ್ಲ. ಜನ ಬೇಸತ್ತು ಖಾಸಗಿ ಕ್ಲಿನಿಕ್ಕುಗಳ ಕಡೆ ತಿರುಗಿದರು. 1997ರಿಂದ ಹೊಸ ರೂಪದ ಕಾರ್ಯಕ್ರಮ ಬಂತು, ನಿಮಗೆಲ್ಲ ಗೊತ್ತಿರುವ ಡಾಟ್ಸ್. 2006ರ ಹೊತ್ತಿಗೆ ಇಡೀ ದೇಶಕ್ಕೆ ಹರಡಿತು. ಔಷಧ ಸರಿಯಾಗಿ ಸಿಗತೊಡಗಿತು, ಅದು ದೊಡ್ಡ ಗೆಲುವು. ಆದರೆ ಆರೋಗ್ಯ ಕಾರ್ಯಕರ್ತರ ಕಣ್ಣೆದುರೇ ಗುಳಿಗೆ ನುಂಗಬೇಕು ಅನ್ನುವ ಅದರ ನಿಯಮದಿಂದ ಕೂಲಿಯವರಿಗೆ ಕಷ್ಟವಾಗುತ್ತಿತ್ತು. ಗುಳಿಗೆಗೆ ಬಂದರೆ ಅವತ್ತಿನ ಕೂಲಿ ಹೋಯಿತು.

ಈಗ ನನಗೆ ನಿದ್ದೆ ಬಾರದ ರಾತ್ರಿಯ ಕತೆ ಹೇಳುತ್ತೇನೆ.

ನಮ್ಮ ಕೇಂದ್ರದ ವ್ಯಾಪ್ತಿಯಲ್ಲಿ ಒಬ್ಬ ಹಮಾಲಿ ಇದ್ದ. ಎಪಿಎಂಸಿ ಯಾರ್ಡಿನಲ್ಲಿ ಮೂಟೆ ಹೊರುವವನು, ನಲವತ್ತರ ಹತ್ತಿರ ವಯಸ್ಸು. ಒಂದು ದಿನ ಹೆಂಡತಿ ಅವನನ್ನು ತೋಳು ಹಿಡಿದು ಕರೆದುಕೊಂಡು ಬಂದಳು. ಮೂವತ್ತೆಂಟು ಕೆಜಿ ತೂಕ. ಕೆಮ್ಮಿದರೆ ರಕ್ತ. ಕಫ ನೋಡಿದರೆ ತುಂಬಾ ಕ್ಷಯದ ರೋಗಾಣು. ಇಷ್ಟು ದಿನ ಎಲ್ಲಿದ್ರಿ ಯಜಮಾನ್ರೇ ಅಂತ ನಾನು ಸ್ವಲ್ಪ ಗದರಿಸಿದೆ. ಅವನ ಹೆಂಡತಿ ಏನೂ ಮಾತಾಡದೆ ಒಂದು ಪ್ಲಾಸ್ಟಿಕ್ ಕವರ್ ತೆಗೆದು ಮೇಜಿನ ಮೇಲೆ ಸುರಿದಳು. ಚೀಟಿಗಳು. ಆರು ತಿಂಗಳ ಚೀಟಿಗಳು.

ನಾನು ಒಂದೊಂದನ್ನೇ ಜೋಡಿಸಿದೆ. ಮೊದಲು ಮೆಡಿಕಲ್ ಶಾಪಿನಲ್ಲಿ ಕೇಳಿ ತಂದ ಸಿರಪ್, ಎರಡು ಬಾಟ್ಲಿ. ಆಮೇಲೆ ಬಸ್ ಸ್ಟ್ಯಾಂಡ್ ಹತ್ತಿರದ ಕ್ಲಿನಿಕ್, ಇಂಜೆಕ್ಷನ್, ಕ್ವಿನೊಲೋನ್ ಗುಂಪಿನ ಆಂಟಿಬಯಾಟಿಕ್. ಅದರಿಂದ ಸ್ವಲ್ಪ ದಿನ ಆರಾಮ ಅನಿಸಿತಂತೆ. ವೈದ್ಯ ಮಿತ್ರರೇ, ನಿಮಗೆ ಗೊತ್ತು, ಆ ಗುಂಪಿನ ಔಷಧ ಕ್ಷಯದ ರೋಗಾಣುವನ್ನೂ ಸ್ವಲ್ಪ ಅದುಮಿಡುತ್ತೆ. ಗುಣ ಮಾಡುವುದಿಲ್ಲ, ಮರೆ ಮಾಡುತ್ತೆ. ಆಮೇಲೆ ಇನ್ನೊಂದು ಕ್ಲಿನಿಕ್, ಡ್ರಿಪ್. ಆಮೇಲೆ ಪಟ್ಟಣದಲ್ಲಿ ಎಕ್ಸ್‌ರೇ, ಆ ದುಡ್ಡಿಗೆ ಹೆಂಡತಿಯ ಓಲೆ ಅಡ ಇಟ್ಟಿದ್ದರು. ಎಕ್ಸ್‌ರೇ ನೋಡಿದವರು ನ್ಯುಮೋನಿಯಾ ಅಂದರು.

ಎಲ್ಲಕ್ಕಿಂತ ಹಳೆಯ ಚೀಟಿ ಕೆಳಗಿತ್ತು. ನಮ್ಮದೇ ಕೇಂದ್ರದ ಒಪಿಡಿ ಚೀಟಿ. ಅದರಲ್ಲಿ ನನ್ನದೇ ಕೈಬರಹ. ಕೆಮ್ಮು, ಹತ್ತು ದಿನ. ಸಿರಪ್ ಒಂದು ಬಾಟ್ಲಿ.

ತುಮಕೂರಿನ ಅಧ್ಯಯನವನ್ನು ನಾನು ಹುಡುಕಿ ಓದಿದ್ದು ಅದಾದ ವಾರದಲ್ಲಿ. ನಲವತ್ತು ವರ್ಷಕ್ಕೂ ಹಿಂದೆ ಬರೆದಿಟ್ಟದ್ದನ್ನು ನಾನೇ ಮತ್ತೆ ಮಾಡಿದ್ದೆ. ಅವನು ಮೊದಲು ಬಂದದ್ದು ನನ್ನ ಬಾಗಿಲಿಗೆ. ಹತ್ತು ದಿನದ ಕೆಮ್ಮಿಗೆ ಸಿರಪ್ ಕೊಟ್ಟಿದ್ದು ತಪ್ಪಲ್ಲ ಅಂತ ಯಾರಾದರೂ ಹೇಳಬಹುದು. ಇರಲಿ. ಎರಡು ವಾರ ದಾಟಿದರೆ ಕಫ ತೋರಿಸಿ ಅಂತ ಒಂದು ಮಾತು ಹೇಳಿ ಕಳಿಸಬಹುದಿತ್ತು. ಆ ಊರಿನ ಆರೋಗ್ಯ ಸಹಾಯಕಿಗೆ ಒಂದು ಮಾತು ತಿಳಿಸಬಹುದಿತ್ತು. ಹೇಳಲಿಲ್ಲ. ಆ ದಿನ ನೂರ ಹತ್ತು ಜನ ಸಾಲಿನಲ್ಲಿದ್ದರು.

ಅವನು ಬದುಕಿದ. ಆದರೆ ಅವನ ಮಗಳಿಗೆ, ಹದಿನಾಲ್ಕು ವರ್ಷದ ಹುಡುಗಿ, ರೋಗ ಅಂಟಿತು. ಆ ಆರು ತಿಂಗಳಲ್ಲೇ ಅಂಟಿದ್ದಿರಬೇಕು. ಮದ್ರಾಸಿನ ಕತೆಯಲ್ಲಿ ನೆನಪಿಟ್ಟುಕೊಳ್ಳಿ ಅಂದಿದ್ದೆ ಅಲ್ವಾ, ಗುಳಿಗೆಗೆ ಮೊದಲಿನ ದಿನಗಳು. ಅವಳು ಗುಣವಾದಳು, ಆದರೆ ಒಂದು ವರ್ಷದ ಓದು ಹೋಯಿತು.

ಇದು ಒಬ್ಬ ಹಮಾಲಿಯ ದುರದೃಷ್ಟ ಅಲ್ಲ. ದೇಶದ ಬೇರೆ ಬೇರೆ ಕಡೆಯ ಅಧ್ಯಯನಗಳನ್ನು ಒಟ್ಟುಗೂಡಿಸಿ 2014ರಲ್ಲಿ ಲೆಕ್ಕ ಹಾಕಿದಾಗ ಸಿಕ್ಕಿದ್ದು ಇದು: ಕ್ಷಯದ ರೋಗಿ ಸರಾಸರಿ ಮೂವರ ಹತ್ತಿರ ವೈದ್ಯರನ್ನು ಸುತ್ತುತ್ತಾನೆ, ರೋಗದ ಮೊದಲ ಲಕ್ಷಣದಿಂದ ಚಿಕಿತ್ಸೆ ಶುರುವಾಗುವವರೆಗೆ ಸುಮಾರು 55 ದಿನ ಹೋಗುತ್ತೆ. ಎರಡು ತಿಂಗಳು. ಮನೆಯಲ್ಲಿ, ಬಸ್ಸಿನಲ್ಲಿ, ಬೀಡಿ ಕಟ್ಟುವ ಜಾಗದಲ್ಲಿ ಕೆಮ್ಮು.

ಕ್ಲಿನಿಕ್ ನಡೆಸುವವರನ್ನು ಬೈಯುವುದು ಸುಲಭ. ನಾವು ಸರ್ಕಾರಿ ವೈದ್ಯರು ಬಹಳ ವರ್ಷ ಅದನ್ನೇ ಮಾಡಿದೆವು. ಬೈಯುವುದಕ್ಕೆ ಕಾರಣಗಳೂ ಇದ್ದವು. 1991ರಲ್ಲಿ ಮುಂಬೈಯ ಕೊಳೆಗೇರಿಗಳಲ್ಲಿ ಕೆಲಸ ಮಾಡುವ ನೂರು ಖಾಸಗಿ ವೈದ್ಯರನ್ನು ಕ್ಷಯಕ್ಕೆ ಯಾವ ಔಷಧ ಬರೆಯುತ್ತೀರಿ ಅಂತ ಕೇಳಿದರೆ 80 ಬಗೆಯ ಉತ್ತರ ಬಂತು. ಒಂದೇ ರೋಗ, ಎಂಬತ್ತು ಚೀಟಿ. ಆದರೆ ಜನ ಅವರ ಹತ್ತಿರ ಯಾಕೆ ಹೋಗುತ್ತಾರೆ ಅಂತ ನಾವು ಕೇಳಿಕೊಳ್ಳಲಿಲ್ಲ. ಕೂಲಿ ಮುಗಿಸಿ ಬರುವ ಹೊತ್ತಿಗೆ ನಮ್ಮ ಕೇಂದ್ರದ ಬಾಗಿಲು ಹಾಕಿರುತ್ತೆ. ಕ್ಲಿನಿಕ್ಕಿನಲ್ಲಿ ರಾತ್ರಿ ಒಂಬತ್ತರವರೆಗೂ ದೀಪ ಇರುತ್ತೆ. ಅಲ್ಲಿನ ಡಾಕ್ಟರಿಗೆ ಅವನ ಅಪ್ಪನೂ ಗೊತ್ತು, ಮಗಳ ಮದುವೆಯೂ ಗೊತ್ತು. ದುಡ್ಡಿಲ್ಲದಿದ್ದರೆ ಮುಂದಿನ ವಾರ ಕೊಡು ಅನ್ನುತ್ತಾರೆ. ನಾವು ಹಾಗೆ ಯಾರನ್ನಾದರೂ ಮಾತಾಡಿಸಿದ್ದೇವಾ?

ದೇಶದಲ್ಲಿ ಮಾರಾಟವಾದ ಕ್ಷಯದ ಔಷಧದ ಲೆಕ್ಕ ಹಿಡಿದು ಕೆಲವು ಸಂಶೋಧಕರು 2014ರಲ್ಲಿ ಖಾಸಗಿಯಲ್ಲಿ ಚಿಕಿತ್ಸೆ ಪಡೆದವರು ಎಷ್ಟು ಅಂತ ಅಂದಾಜು ಮಾಡಿದರು. ಸುಮಾರು 22 ಲಕ್ಷ ಬಂತು. ಮೊದಲು ಅಂದುಕೊಂಡಿದ್ದಕ್ಕಿಂತ ಎರಡು ಮೂರು ಪಟ್ಟು. ಅಷ್ಟು ಜನ ಸರ್ಕಾರದ ಕಣ್ಣಿಗೆ ಕಾಣುತ್ತಲೇ ಇರಲಿಲ್ಲ. ಗುಳಿಗೆ ಪೂರ್ತಿ ನುಂಗಿದರೋ ಇಲ್ಲವೋ, ಮನೆಯವರಿಗೆ ಪರೀಕ್ಷೆ ಆಯಿತೋ ಇಲ್ಲವೋ, ಯಾರಿಗೂ ಗೊತ್ತಿಲ್ಲ.

ಸರ್ಕಾರ ಮೊದಲು ಹಿಡಿದದ್ದು ಆದೇಶದ ದಾರಿ. 2012ರ ಮೇ ತಿಂಗಳಲ್ಲಿ ಪ್ರತಿ ಕ್ಷಯ ರೋಗಿಯ ವಿವರವನ್ನು ಖಾಸಗಿಯವರೂ ತಿಳಿಸಲೇಬೇಕು ಅಂತ ಆದೇಶ ಬಂತು. ನಿಕ್ಷಯ್ ಅನ್ನುವ ಕಂಪ್ಯೂಟರ್ ವ್ಯವಸ್ಥೆಯೂ ಬಂತು. 2013ರಲ್ಲಿ ಇಡೀ ದೇಶದ ಖಾಸಗಿ ವಲಯದಿಂದ ತಿಳಿಸಿದ್ದು ಸುಮಾರು 38 ಸಾವಿರ ಮಂದಿಯನ್ನು ಮಾತ್ರ. 2018ರಲ್ಲಿ ತಿಳಿಸದಿದ್ದರೆ ಜೈಲು ಅನ್ನುವ ಮಾತನ್ನೂ ಸೇರಿಸಿದರು. ಹೆದರಿಕೆಯಿಂದ ಕೆಲಸ ಆಗುತ್ತೆ ಅಂತ ನಾನು ನಂಬುವುದಿಲ್ಲ. ಒಬ್ಬ ಕ್ಲಿನಿಕ್ ವೈದ್ಯರು ನನಗೆ ನೇರವಾಗಿ ಹೇಳಿದರು: ಸಾರ್, ನಾನು ಹೆಸರು ಕೊಟ್ಟ ಮರುದಿನ ನಿಮ್ಮವರು ನನ್ನ ಪೇಷೆಂಟ್ ಮನೆ ಮುಂದೆ ಜೀಪು ನಿಲ್ಲಿಸ್ತಾರೆ, ಆಮೇಲೆ ಅವನು ನನ್ನ ಹತ್ತಿರ ಬರೋದೇ ಇಲ್ಲ. ಅವರು ಹೇಳಿದ್ದು ನಿಜವಾಗಿತ್ತು.

ಕೆಲಸ ಆದದ್ದು ಬೇರೆ ರೀತಿಯಲ್ಲಿ. 2014ರಿಂದ ಮುಂಬೈ, ಪಾಟ್ನಾ, ಗುಜರಾತಿನ ಮೆಹ್ಸಾಣಾದಲ್ಲಿ ಒಂದು ಪ್ರಯೋಗ ನಡೆಯಿತು. ರೋಗಿ ತನ್ನ ಖಾಸಗಿ ವೈದ್ಯರ ಹತ್ತಿರವೇ ಇರುತ್ತಾನೆ. ಪರೀಕ್ಷೆ, ಔಷಧ ಎರಡಕ್ಕೂ ಅವನಿಗೆ ವೋಚರ್ ಸಿಗುತ್ತೆ, ದುಡ್ಡು ಕೊಡಬೇಕಿಲ್ಲ. ನಡುವೆ ಒಂದು ಸಂಸ್ಥೆಯವರು ಓಡಾಡುತ್ತಾರೆ: ವಿವರ ಬರೆದುಕೊಳ್ಳುತ್ತಾರೆ, ಗುಳಿಗೆ ಬಿಟ್ಟವನಿಗೆ ಫೋನ್ ಮಾಡುತ್ತಾರೆ, ಮನೆಗೆ ಹೋಗುತ್ತಾರೆ. ವೈದ್ಯರಿಗೆ ಬರೆಯುವ ಹೊರೆ ಇಲ್ಲ, ರೋಗಿ ಕೈತಪ್ಪುವ ಭಯ ಇಲ್ಲ. ಆಮೇಲೆ ಈ ಮಾದರಿ ಬೇರೆ ಊರುಗಳಿಗೂ ಹೋಯಿತು. ಮಾಹಿತಿ ಕೊಟ್ಟ ವೈದ್ಯರಿಗೆ 500 ರೂಪಾಯಿ, ಚಿಕಿತ್ಸೆ ಮುಗಿದ ವಿವರ ಕೊಟ್ಟರೆ ಇನ್ನೊಂದು 500 ಅಂತ ಸರ್ಕಾರವೂ ಕೊಡತೊಡಗಿತು. 2023ರಲ್ಲಿ ದೇಶದಲ್ಲಿ ದಾಖಲಾದ 25.5 ಲಕ್ಷ ರೋಗಿಗಳಲ್ಲಿ 8.4 ಲಕ್ಷ ಜನ ಖಾಸಗಿಯವರಿಂದ ಬಂದವರು. ಹತ್ತು ವರ್ಷದಲ್ಲಿ 38 ಸಾವಿರದಿಂದ 8.4 ಲಕ್ಷ.

ನಮ್ಮ ತಾಲ್ಲೂಕಿನಲ್ಲಿ ಅಷ್ಟು ದುಡ್ಡಿನ ಪ್ರಯೋಗ ಇರಲಿಲ್ಲ. ನಾವು ಮಾಡಿದ್ದು ಸಣ್ಣದು. ಎಂಟು ಕ್ಲಿನಿಕ್ಕುಗಳಿಗೆ ಕಫದ ಡಬ್ಬಿ ಕೊಟ್ಟೆವು. ಎರಡು ವಾರ ಮೀರಿದ ಕೆಮ್ಮು ಬಂದರೆ ಡಬ್ಬಿ ಕೊಡಿ, ಫೋನ್ ಮಾಡಿ ಅಂದೆವು. ನಮ್ಮ ಟಿಬಿ ಸೂಪರ್‌ವೈಸರ್ ಬೈಕಿನಲ್ಲಿ ಹೋಗಿ ಡಬ್ಬಿ ತರುತ್ತಿದ್ದರು. ಫಲಿತಾಂಶವನ್ನು ಮೊದಲು ಹೇಳುತ್ತಿದ್ದುದು ಆ ಕ್ಲಿನಿಕ್ಕಿನ ವೈದ್ಯರಿಗೆ, ರೋಗಿಗೆ ಅವರೇ ತಿಳಿಸಲಿ ಅಂತ. ಸರ್ಕಾರದ ಗುಳಿಗೆಯನ್ನು ಬೇಕಾದರೆ ಅವರ ಕ್ಲಿನಿಕ್ಕಿನಲ್ಲೇ ಇಟ್ಟೆವು. ಜೀಪು ಮಾತ್ರ ಕಳಿಸಲಿಲ್ಲ. ಮೊದಲ ಮೂರು ತಿಂಗಳು ಇಬ್ಬರು ಮಾತ್ರ ಫೋನ್ ಮಾಡಿದರು. ಆಮೇಲೆ ಒಂದು ಘಟನೆ ಆಯಿತು. ಒಬ್ಬ ವೈದ್ಯರ ಕಾಂಪೌಂಡರಿಗೇ ರೋಗ ಇದೆ ಅಂತ ನಮ್ಮ ಡಬ್ಬಿಯಿಂದ ಗೊತ್ತಾಯಿತು. ಆ ವೈದ್ಯರು ಉಳಿದವರಿಗೆಲ್ಲ ಹೇಳಿದರು. ವರ್ಷ ಮುಗಿಯುವ ಹೊತ್ತಿಗೆ ಎಂಟೂ ಕ್ಲಿನಿಕ್ಕಿನಿಂದ ಡಬ್ಬಿ ಬರುತ್ತಿತ್ತು.

ಈಗ ಇನ್ನೂ ಸುಲಭ. ಟ್ರೂನಾಟ್ ಅಂತ ಒಂದು ಪುಟ್ಟ ಯಂತ್ರ ಇದೆ, ಬ್ಯಾಟರಿಯಲ್ಲೂ ನಡೆಯುತ್ತೆ, ಸುಮಾರು ಒಂದು ಗಂಟೆಯಲ್ಲಿ ಫಲಿತಾಂಶ ಹೇಳುತ್ತೆ. ಅದರ ಹುಟ್ಟು ನಮ್ಮ ಬೆಂಗಳೂರಿನ ಪ್ರಯೋಗಾಲಯದಲ್ಲಿ. 2020ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿಗೆ ಕೊಟ್ಟಿತು. ಇದು ನನಗೆ ಬಹಳ ಹೆಮ್ಮೆಯ ವಿಷಯ. ಆದರೆ ಯಂತ್ರದ ಹತ್ತಿರ ಕಫ ತಲುಪಬೇಕಲ್ಲ, ಅದಕ್ಕೆ ಬೈಕಿನವರು ಬೇಕೇ ಬೇಕು.

ಮೆಡಿಕಲ್ ಶಾಪಿನವರಿಗೆ ಒಂದು ಮಾತು. ನಿಮ್ಮನ್ನು ಎಲ್ಲರೂ ಮರೆಯುತ್ತಾರೆ. ಕೆಮ್ಮು ಮೊದಲು ಬರುವುದು ನಿಮ್ಮ ಕೌಂಟರಿಗೆ. ಕ್ಷಯದ ಔಷಧ ಮಾರಿದರೆ ಬೇರೆ ರಿಜಿಸ್ಟರಿನಲ್ಲಿ ಬರೆಯಬೇಕು ಅನ್ನುವ ಶೆಡ್ಯೂಲ್ ಎಚ್1 ನಿಯಮ 2014ರಿಂದ ಇದೆ, ಅದನ್ನು ನೀವು ಪಾಲಿಸುತ್ತಿದ್ದೀರಿ, ಸಂತೋಷ. ನಾನು ಕೇಳುವುದು ಅದಕ್ಕೂ ಮೊದಲಿನದು. ಒಬ್ಬನೇ ಮನುಷ್ಯ ತಿಂಗಳಲ್ಲಿ ಎರಡನೇ ಬಾಟ್ಲಿ ಸಿರಪ್ ಕೇಳಿದರೆ, ಮೂರನೆಯದು ಕೊಡುವ ಮೊದಲು ಕಫ ತೋರಿಸಿದ್ರಾ ಅಣ್ಣ ಅಂತ ಒಂದು ಮಾತು ಕೇಳಿ. ನಮ್ಮ ಹಮಾಲಿಗೆ ಆ ಮಾತು ಕೇಳುವವರು ಸಿಕ್ಕಿದ್ದರೆ ನಾಲ್ಕು ತಿಂಗಳು ಉಳಿಯುತ್ತಿತ್ತು.

ಸರ್ಕಾರದ ಕಡೆಯವರಿಗೂ ಹೇಳಬೇಕು. ಕೈ ಜೋಡಿಸಿ ಅಂತ ಕೇಳಿದ ಮೇಲೆ ನಾವು ಮಾತು ಉಳಿಸಿಕೊಳ್ಳಬೇಕು. 2024ರಲ್ಲಿ ದೇಶದ ಹಲವು ಕಡೆ ಕ್ಷಯದ ಗುಳಿಗೆಯೇ ಸಿಗದ ಹಾಗಾಯಿತು. ಒಂದು ದಿನವೂ ಬಿಡಬೇಡಿ ಅಂತ ರೋಗಿಗೆ ಹೇಳಿದವರೇ ನಾವು. ಆ ತಿಂಗಳುಗಳಲ್ಲಿ ನಮ್ಮ ಮಾತಿನ ಮೇಲಿನ ನಂಬಿಕೆ ಎಷ್ಟು ಕರಗಿತು ಅನ್ನುವುದನ್ನು ಆಶಾ ಅಕ್ಕಂದಿರು ಚೆನ್ನಾಗಿ ಬಲ್ಲರು. ಬೈಗುಳ ತಿಂದವರು ಅವರು.

ಅಕ್ಕಂದಿರೇ, ಈಗ ನಿಮ್ಮ ವಿಷಯಕ್ಕೆ ಬರುತ್ತೇನೆ. ಮನೆಯಲ್ಲೇ ಆರೈಕೆ ಅಂತ ಕಾಗದದಲ್ಲಿ ಬರೆಯುತ್ತೇವೆ. ಆ ಆರೈಕೆ ಅಂದರೆ ನೀವೇ. ಆರು ತಿಂಗಳು ಒಂದು ಮನೆಗೆ ಹೋಗಿ ಬರುವುದು ಸಣ್ಣ ಕೆಲಸ ಅಲ್ಲ. ಗುಳಿಗೆ ನುಂಗಿದ್ರಾ ಅಂತ ಕೇಳುವುದು ಅದರಲ್ಲಿ ಕಾಲು ಭಾಗ. ಮೂತ್ರ ಕೆಂಪಗೆ ಬಂತು ಅಂತ ಹೆದರಿದವರಿಗೆ ಅದು ಗುಳಿಗೆಯ ಬಣ್ಣ ಅಂತ ಹೇಳಬೇಕು. ಕಣ್ಣು ಹಳದಿಯಾದರೆ ಓಡಿ ಬಂದು ತಿಳಿಸಬೇಕು. ಎರಡು ತಿಂಗಳಿಗೆ ಮೈ ಹಗುರಾಯಿತು, ಇನ್ನು ಯಾಕೆ ಗುಳಿಗೆ ಅನ್ನುವವರನ್ನು ಒಪ್ಪಿಸಬೇಕು.

ನಮ್ಮ ಊರಿನ ಒಬ್ಬ ಆಶಾ ನನಗೆ ಪಾಠ ಕಲಿಸಿದರು. ಹೊಸದಾಗಿ ಮದುವೆಯಾಗಿ ಬಂದ ಹುಡುಗಿಗೆ ಕ್ಷಯ. ಗಂಡನ ಮನೆಯವರು ತವರಿಗೆ ಕಳಿಸುವ ಮಾತು ಆಡುತ್ತಿದ್ದರು. ನಾನು ಮನೆಗೆ ಹೋಗಿ ಗುಳಿಗೆ ಕೊಡಿ ಅಂದೆ. ಅವರು ಇಲ್ಲ ಸಾರ್, ನಾನು ಆ ಬ್ಯಾಗ್ ಹಾಕ್ಕೊಂಡು ದಿನಾ ಅವಳ ಬಾಗಿಲಿಗೆ ಹೋದ್ರೆ ಇಡೀ ಬೀದಿಗೆ ಗೊತ್ತಾಗುತ್ತೆ ಅಂದರು. ಆಮೇಲೆ ನೀರು ಹಿಡಿಯುವ ಹೊತ್ತಿಗೆ ಟ್ಯಾಂಕಿನ ಹತ್ತಿರ ಇಬ್ಬರೂ ಸಿಗುವ ಹಾಗೆ ಮಾಡಿಕೊಂಡರು. ಅತ್ತೆಯನ್ನು ಒಂದು ದಿನ ನನ್ನ ಹತ್ತಿರ ಕರೆತಂದರು, ಬೇರೆ ನೆಪದಲ್ಲಿ. ಮದ್ರಾಸಿನ ಕತೆಯನ್ನು ನಾನು ಆ ಅತ್ತೆಗೆ ಹೇಳಿದೆ. ಅವರು ಕೊನೆಯವರೆಗೂ ಕೇಳಿದರು. ಆ ಹುಡುಗಿ ಆ ಮನೆಯಲ್ಲೇ ಗುಣವಾದಳು. ಇಷ್ಟು ಜಾಣತನದ ಕೆಲಸ ಮಾಡುವವರಿಗೆ ನಾವು ಸಂಬಳ ಅನ್ನುವುದಿಲ್ಲ, ಪ್ರೋತ್ಸಾಹಧನ ಅನ್ನುತ್ತೇವೆ. ಅದೂ ತಿಂಗಳುಗಟ್ಟಲೆ ತಡವಾಗುತ್ತೆ. ಇದು ನನಗೆ ನೋವಿನ ವಿಷಯ. ಪಂಚಾಯಿತಿಯವರು, ಅಧಿಕಾರಿಗಳು ಯಾರಾದರೂ ಇಲ್ಲಿದ್ದರೆ ದಯವಿಟ್ಟು ಬರೆದುಕೊಳ್ಳಿ.

ಇನ್ನು ಊಟದ ವಿಷಯ. ಗುಳಿಗೆ ಬಿಟ್ಟವರನ್ನು ಯಾಕೆ ಬಿಟ್ಟೆ ಅಂತ ಕೇಳಿದರೆ ನನಗೆ ಬಹಳ ಸಲ ಸಿಕ್ಕ ಉತ್ತರ: ಡಾಕ್ಟ್ರೇ, ಅದು ನುಂಗಿದ್ರೆ ಹಸಿವು ತಡೆಯಕ್ಕಾಗಲ್ಲ. ರೋಗ ಇಳಿಯುತ್ತಿದ್ದ ಹಾಗೆ ಹಸಿವು ಬರುತ್ತೆ. ಒಳ್ಳೆಯ ಸುದ್ದಿ ಅದು. ಆದರೆ ಮನೆಯಲ್ಲಿ ಇರುವ ಮುದ್ದೆ ಮಕ್ಕಳಿಗೇ ಸಾಲದಿದ್ದರೆ?

ಈ ಪ್ರಶ್ನೆಯನ್ನು ಕೈಗೆತ್ತಿಕೊಂಡವರು ನಮ್ಮ ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಅನುರಾಗ್ ಭಾರ್ಗವ ಮತ್ತು ಮಾಧವಿ ಭಾರ್ಗವ. ಅವರು ಜಾರ್ಖಂಡಿನ ನಾಲ್ಕು ಜಿಲ್ಲೆಗಳಲ್ಲಿ 2019ರಿಂದ 2022ರವರೆಗೆ ಒಂದು ದೊಡ್ಡ ಅಧ್ಯಯನ ನಡೆಸಿದರು. 2,800 ರೋಗಿಗಳು, ಅವರ ಮನೆಗಳಲ್ಲಿದ್ದ ಹತ್ತು ಸಾವಿರಕ್ಕೂ ಹೆಚ್ಚು ಜನ. ರೋಗಿಗಳಲ್ಲಿ ಐದಕ್ಕೆ ನಾಲ್ವರು ಬಡಕಲು. ಪ್ರತಿ ರೋಗಿಗೂ ತಿಂಗಳಿಗೆ ಸುಮಾರು 10 ಕೆಜಿಯ ಆಹಾರದ ಕಟ್ಟು ಕೊಟ್ಟರು: ಅಕ್ಕಿ, ಬೇಳೆ, ಹಾಲಿನ ಪುಡಿ, ಎಣ್ಣೆ. ಅರ್ಧ ಮನೆಗಳಲ್ಲಿ ಮನೆಯ ಉಳಿದವರಿಗೂ ತಲೆಗೆ 5 ಕೆಜಿ ಅಕ್ಕಿ, ಒಂದೂವರೆ ಕೆಜಿ ಬೇಳೆ ಕೊಟ್ಟರು. ಹಾಗೆ ಕೊಟ್ಟ ಮನೆಗಳಲ್ಲಿ ಹೊಸದಾಗಿ ಕ್ಷಯ ಬಂದವರು ಉಳಿದ ಮನೆಗಳಿಗಿಂತ 39 ಶೇಕಡಾ ಕಡಿಮೆ. ಕಫದಿಂದ ಹರಡುವಂಥ ಕ್ಷಯ ಅಂತೂ 48 ಶೇಕಡಾ ಕಡಿಮೆ. ಮೊದಲ ಎರಡು ತಿಂಗಳಲ್ಲಿ ತೂಕ ನೂರಕ್ಕೆ ಐದರಷ್ಟು ಏರಿದ ರೋಗಿಗಳಲ್ಲಿ ಸಾವಿನ ಅಪಾಯ 61 ಶೇಕಡಾ ಕಡಿಮೆ. ಅಕ್ಕಿ ಬೇಳೆಯಿಂದ!

ಯಾವ ಲಸಿಕೆಯಿಂದ ಇಷ್ಟು ಆದರೂ ನಾವು ಪಟಾಕಿ ಹೊಡೆಯುತ್ತಿದ್ದೆವು. ರೇಷನ್ ಅಂಗಡಿಯಲ್ಲಿ ಸಿಗುವ ವಸ್ತು ಅಂತ ಯಾರೂ ಅಷ್ಟು ಗಮನ ಕೊಡಲಿಲ್ಲ ಅಂತ ನನಗೆ ಬೇಸರ ಇದೆ. ರೋಗಿಗೆ ಪೌಷ್ಟಿಕ ಆಹಾರಕ್ಕೆ ಅಂತ 2018ರಿಂದ ತಿಂಗಳಿಗೆ 500 ರೂಪಾಯಿ ಇತ್ತು, 2024ರ ನವೆಂಬರಿನಿಂದ 1,000 ಆಗಿದೆ. ಒಳ್ಳೆಯದು. ಆದರೆ ದುಡ್ಡು ಬ್ಯಾಂಕ್ ಖಾತೆಗೆ ಬರಬೇಕು. ನಮ್ಮ ತಾಲ್ಲೂಕಿಗೆ ಕಬ್ಬು ಕಡಿಯುವುದಕ್ಕೆ ಬರುವವರ ಪಾಸ್‌ಬುಕ್ ಅವರ ಊರಿನಲ್ಲಿರುತ್ತೆ, ಆಧಾರ್ ನಂಬರಿಗೆ ಸೇರಿಸಿದ ಫೋನ್ ಕಳೆದುಹೋಗಿರುತ್ತೆ. ಆರು ತಿಂಗಳ ಚಿಕಿತ್ಸೆ ಮುಗಿದ ಮೇಲೆ ದುಡ್ಡು ಬಂದರೆ ಯಾವ ಹಸಿವಿಗೆ ಉಣ್ಣುವುದು? ಇಲ್ಲಿ ಪಂಚಾಯಿತಿ ಕೈ ಹಾಕಬಹುದು. ಊರಿನಲ್ಲಿ ಹೆಚ್ಚೆಂದರೆ ಐದಾರು ರೋಗಿಗಳಿರುತ್ತಾರೆ. ಐದು ಮನೆಗೆ ತಿಂಗಳಿಗೆ ರಾಗಿ, ಬೇಳೆ, ಮೊಟ್ಟೆ, ಕಡಲೆಕಾಯಿ ಕೊಡುವುದು ಒಂದು ಹಾಲಿನ ಡೈರಿಗೋ, ಸ್ತ್ರೀಶಕ್ತಿ ಸಂಘಕ್ಕೋ ದೊಡ್ಡ ಹೊರೆ ಅಲ್ಲ. ಹಾಗೆ ಕೊಡುವವರನ್ನು ನಿಕ್ಷಯ್ ಮಿತ್ರ ಅಂತ 2022ರಿಂದ ನೋಂದಾಯಿಸಿಕೊಳ್ಳುತ್ತಾರೆ. ಒಂದೇ ಕೋರಿಕೆ: ಕಟ್ಟು ಕೊಡುವಾಗ ಫೋಟೋ ತೆಗೆದು ಹಾಕಬೇಡಿ. ಟ್ಯಾಂಕಿನ ಹತ್ತಿರ ಗುಳಿಗೆ ಕೊಟ್ಟ ಆ ಆಶಾರನ್ನು ನೆನಪಿಸಿಕೊಳ್ಳಿ.

ಇದೆಲ್ಲ ಕ್ಷಯಕ್ಕೆ ಮಾತ್ರವಾ ಅಂತ ಬೆಳಗ್ಗೆ ಒಬ್ಬರು ಕೇಳಿದರು. ಬಿಪಿ, ಸಕ್ಕರೆ ಕಾಯಿಲೆಯವರೂ ಹೀಗೇ ಸುತ್ತುತ್ತಾರೆ. ಅವರ ಹತ್ತಿರವೂ ಪ್ಲಾಸ್ಟಿಕ್ ಕವರ್ ಇರುತ್ತೆ, ಅದರೊಳಗಿನ ಚೀಟಿಗಳನ್ನು ಬರೆದವರು ಒಬ್ಬರಿಗೊಬ್ಬರು ಮಾತಾಡಿರುವುದಿಲ್ಲ. ಇಂಥ ಸಭೆ ಅವರಿಗೂ ಬೇಕು. ಆದರೆ ಇವತ್ತು ಒಂದೇ ಕೆಲಸ ಇಟ್ಟುಕೊಳ್ಳೋಣ.

ಹಿಂದಿನ ಮೇಜಿನ ಮೇಲೆ ಕಫದ ಡಬ್ಬಿಗಳನ್ನು ತಂದಿಟ್ಟಿದ್ದೇನೆ. ಪ್ರತಿ ಕ್ಲಿನಿಕ್ಕಿಗೆ ಐದು, ಪ್ರತಿ ಮೆಡಿಕಲ್ ಶಾಪಿಗೆ ಟಿಬಿ ಸೂಪರ್‌ವೈಸರ್ ನಂಬರ್ ಬರೆದ ಒಂದು ಚೀಟಿ. ಅದರ ಪಕ್ಕದ ಹಾಳೆಯಲ್ಲಿ ಯಾವ ಊರಿಗೆ ಯಾವ ಆಶಾ ಅಂತ ಬರೆದಿದೆ. ವೈದ್ಯ ಮಿತ್ರರೇ, ಡಬ್ಬಿ ತೆಗೆದುಕೊಂಡು ಹೋಗುವಾಗ ನಿಮ್ಮ ಕ್ಲಿನಿಕ್ ಇರುವ ಊರಿನ ಅಕ್ಕ ಯಾರು ಅಂತ ನೋಡಿ, ಅವರು ಇಲ್ಲೇ ಇದ್ದಾರೆ, ಮಾತಾಡಿಸಿ. ಡಬ್ಬಿಗಳು ಸೋಮವಾರದಿಂದ ವಾಪಸ್ ಬರುತ್ತವೆ ಅಂತ ಸೂಪರ್‌ವೈಸರಿಗೆ ಹೇಳಿದ್ದೇನೆ. ಅವರು ಬೈಕಿಗೆ ಪೆಟ್ರೋಲ್ ಹಾಕಿಸಿಕೊಂಡಿದ್ದಾರೆ.